ಬ್ರೇಕ್ ಹಾಕಿದೊಡನೆ ಬಸ್ಸು ಏಕೆ ನಿಲ್ಲುವುದಿಲ್ಲ?

ಮಕ್ಕಳೇ, ನೀವು ರಸ್ತೆ ದಾಟಲು ನಿಂತಿದ್ದೀರಿ. ದೂರದಲ್ಲಿ ಬಸ್ಸೊಂದು ಬರುತ್ತಿದೆ. ‘ಡ್ರೈವರ್ ನನ್ನನ್ನು ನೋಡಿ ಬ್ರೇಕ್ ಹಾಕುತ್ತಾರೆ, ಓಡಿಬಿಡೋಣ’ ಎಂದು ನಿಮಗೆ ಅನಿಸಬಹುದು. ಆದರೆ ಬ್ರೇಕ್ ಹಾಕಿದ ಜಾಗದಲ್ಲೇ ಬಸ್ಸು ನಿಲ್ಲುತ್ತದೆಯೇ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಒಂದು ವಸ್ತು ಒಂದು ಸೆಕೆಂಡಿನಲ್ಲಿ ಯಾವ ದಿಕ್ಕಿಗೆ, ಎಷ್ಟು ದೂರ ಚಲಿಸುತ್ತದೆ ಎಂಬುದನ್ನು ಅದರ ವೇಗ ತಿಳಿಸುತ್ತದೆ. ವೇಗ ತಾನಾಗಿಯೇ ಬದಲಾಗುವುದಿಲ್ಲ. ಅದಕ್ಕೆ ಬಲ ಬೇಕು. ಬ್ರೇಕ್ ಹಾಕಿದಾಗ ಚಕ್ರಗಳ ತಿರುಗುವಿಕೆಗೆ ತಡೆಯಾಗುತ್ತದೆ. ಆಗ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ, ಬಸ್ಸಿನ ಚಲನೆಗೆ ವಿರುದ್ಧ ದಿಕ್ಕಿನಲ್ಲಿ ವರ್ತಿಸುತ್ತದೆ. ಇದರಿಂದ ವೇಗ ಒಮ್ಮೆಲೇ ಸೊನ್ನೆಯಾಗದೆ, ಕ್ರಮೇಣ ಕಡಿಮೆಯಾಗುತ್ತದೆ. ಒಂದು ಸೆಕೆಂಡಿನಲ್ಲಿ ವೇಗದಲ್ಲಿ ಆಗುವ ಬದಲಾವಣೆಯೇ ವೇಗೋತ್ಕರ್ಷ. ವೇಗ ಕಡಿಮೆಯಾಗುತ್ತಿದ್ದರೆ ಅದನ್ನು ಋಣ ವೇಗೋತ್ಕರ್ಷ ಎನ್ನುತ್ತೇವೆ.

ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕ್ ಹಾಕಿದ ಮೇಲೆ ಈ ವೇಗ ಪ್ರತಿ ಸೆಕೆಂಡಿನಲ್ಲೂ 5ರಷ್ಟು ತಗ್ಗುತ್ತದೆ ಎಂದಿಟ್ಟುಕೊಳ್ಳೋಣ.

ವೇಗ: 10, 5, 0
ನಿಲ್ಲಲು ಬೇಕಾದ ಕಾಲ: 2 ಸೆಕೆಂಡು
ಸರಾಸರಿ ವೇಗ: ಸೆಕೆಂಡಿಗೆ 5 ಮೀಟರ್
ಚಲಿಸಿದ ದೂರ: 5 × 2 = 10 ಮೀಟರ್

ಈಗ ಅದೇ ಬಸ್ಸು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರಲಿ.

ವೇಗ: 20, 15, 10, 5, 0
ನಿಲ್ಲಲು ಬೇಕಾದ ಕಾಲ: 4 ಸೆಕೆಂಡು
ಸರಾಸರಿ ವೇಗ: ಸೆಕೆಂಡಿಗೆ 10 ಮೀಟರ್
ಚಲಿಸಿದ ದೂರ: 10 × 4 = 40 ಮೀಟರ್

ಗಮನಿಸಿದಿರಾ? ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಯಿತು! ಏಕೆಂದರೆ ಸರಾಸರಿ ವೇಗವೂ ಎರಡು ಪಟ್ಟಾಯಿತು, ನಿಲ್ಲಲು ಬೇಕಾದ ಕಾಲವೂ ಎರಡು ಪಟ್ಟಾಯಿತು.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಡ್ರೈವರ್ ನಿಮ್ಮನ್ನು ಕಂಡು, ಬ್ರೇಕ್ ಮೇಲೆ ಕಾಲಿಡಲು ಸುಮಾರು 1 ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು ಪೂರ್ಣ ವೇಗದಲ್ಲೇ ಮುಂದೆ ಬಂದಿರುತ್ತದೆ. ಇದನ್ನೂ ಸೇರಿಸಿದರೆ ಮೊದಲನೆಯ ಬಸ್ಸು ನಿಲ್ಲಲು 20 ಮೀಟರ್, ಎರಡನೆಯದಕ್ಕೆ 60 ಮೀಟರ್ ಬೇಕು. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಅಥವಾ ಟೈರು ಸವೆದಿದ್ದರೆ ಘರ್ಷಣೆ ಕಡಿಮೆಯಾಗುತ್ತದೆ. ಆಗ ಇನ್ನೂ ಹೆಚ್ಚು ದೂರ ಬೇಕು. ಡ್ರೈವರ್ ಎಷ್ಟೇ ನಿಪುಣರಾದರೂ ಬಸ್ಸನ್ನು ಇದ್ದಲ್ಲೇ ನಿಲ್ಲಿಸಲಾರರು.

ಮಾಡಿ ನೋಡಿ: ಶಾಲೆಯ ಮೈದಾನದಲ್ಲಿ ಅಳತೆ ಪಟ್ಟಿಯಿಂದ 20 ಮೀಟರ್ ಅಳೆದು ಗೆರೆ ಎಳೆಯಿರಿ. ಅಷ್ಟೇ ದೂರವನ್ನು ಇನ್ನೆರಡು ಸಲ ಅಳೆದರೆ 60 ಮೀಟರ್ ಆಗುತ್ತದೆ. ಒಂದು ತುದಿಯಲ್ಲಿ ನೀವು ನಿಂತು, ಇನ್ನೊಂದು ತುದಿಯಲ್ಲಿ ಗೆಳೆಯರನ್ನು ನಿಲ್ಲಿಸಿ. ಅವರು ಎಷ್ಟು ಚಿಕ್ಕದಾಗಿ ಕಾಣುತ್ತಾರೆ ನೋಡಿ. ಅಷ್ಟು ದೂರದ ಬಸ್ಸೂ ನಿಮ್ಮ ಬಳಿಗೆ ಬಂದೇ ನಿಲ್ಲಬಹುದು!

ಆದ್ದರಿಂದ ಬಸ್ಸು ಹಾದುಹೋಗುವವರೆಗೆ ಕಾಯಿರಿ. ಎರಡೂ ಬದಿ ನೋಡಿ, ವಾಹನಗಳಿಲ್ಲವೆಂದು ಖಚಿತವಾದ ಮೇಲೆಯೇ ರಸ್ತೆ ದಾಟಿ. ಈ ಲೆಕ್ಕವನ್ನು ಮನೆಯಲ್ಲಿ ತಮ್ಮ, ತಂಗಿಯರಿಗೂ ಹೇಳಿಕೊಡಿ.