ಬಲಗಡೆಯ ಚೀಲಕ್ಕೇ ಹೆಚ್ಚು ಗಾಳಿ ಏಕೆ?

ಪ್ರಶ್ನೆ: ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳ ಹಿಂದಿನ ಸ್ಪ್ರಿಂಗಿನೊಳಗೆ ಗಾಳಿಚೀಲ ಕೂರಿಸುವುದೇಕೆ?

ಉತ್ತರ: ಕುಲುಕಾಟ ತಪ್ಪಿಸಲು ಅಂತೂ ಅಲ್ಲ! ಹಳೆಯ ಶೆವರ್ಲೆ ಶೆವೆಲ್‌ನಂಥ ಕಾರು ಚಿಮ್ಮುವಾಗ ಎಂಜಿನ್ನಿನ ಬಲವನ್ನು ಹಿಂದಕ್ಕೊಯ್ಯುವ ಡ್ರೈವ್ ಶಾಫ್ಟ್ ಹಿಂದಿನ ಆಕ್ಸಲನ್ನೇ ತಿರುಚುತ್ತದೆ. ಎಡಚಕ್ರ ನೆಲಕ್ಕೊತ್ತಿ ಬಲಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ಗಿರ್ರನೆ ತಿರುಗಿ ಹೊಗೆಯೆಬ್ಬಿಸುತ್ತದೆ, ಅಷ್ಟೆ. ಡ್ರ್ಯಾಗ್ ರೇಸಿನ 402 ಮೀಟರ್ ನೇರ ಓಟದಲ್ಲಿ ಇದು ದುಬಾರಿ. ಅದಕ್ಕೇ, ಬಲಚಕ್ರವನ್ನೂ ನೆಲಕ್ಕೊತ್ತಲು, ಬಲಚೀಲಕ್ಕೆ ಹೆಚ್ಚು ಗಾಳಿ. ಎರಡಕ್ಕೂ ಬೇರೆ ಬೇರೆ ವಾಲ್ವ್ ಬೇಕು. ಒಂದೇ ಕೊಳವೆಗೆ ಸೇರಿಸಿದರೆ ಎರಡರ ಒತ್ತಡವೂ ಸಮನಾಗಿ ಕೆಲಸ ಕೆಟ್ಟಿತು. ಸಾಮಾನ್ಯವಾಗಿ ಎಡಕ್ಕೆ 5, ಬಲಕ್ಕೆ 15 ಪಿಎಸ್‌ಐನಿಂದ ಶುರುಮಾಡಿ, ಟ್ರ್ಯಾಕಿನ ಮೇಲೆ ಟೈರು ಬಿಟ್ಟ ಎರಡೂ ಕಪ್ಪುಗೆರೆ ಒಂದೇ ಸಮನಾಗುವವರೆಗೆ ಬಲಕ್ಕೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಸೈಲೆನ್ಸರ್ ಕೊಳವೆ ಹತ್ತಿರ ಹಾದುಹೋಗಿದ್ದರೆ ಚೀಲ ಕರಗೀತು, ಜೋಕೆ.