ತಪಾಸಣೆಯೇ ಶುರುವಾಗದ ಕಂಪ್ಯೂಟರ್: ಎಲ್ಲಿಂದ ಹುಡುಕಬೇಕು?

ಕಂಪ್ಯೂಟರಿಗೆ ಏನಾಗಿದೆ ಎಂಬುದನ್ನು ಎಷ್ಟೋ ಸಲ ಕಂಪ್ಯೂಟರೇ ಹೇಳಬಲ್ಲದು. ರ‍್ಯಾಮ್, ಹಾರ್ಡ್ ಡಿಸ್ಕ್, ಫ್ಯಾನ್, ಬ್ಯಾಟರಿ, ಕೀಬೋರ್ಡ್ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವ ತಪಾಸಣಾ ಪ್ರೋಗ್ರಾಮ್ ಒಂದನ್ನು ದೊಡ್ಡ ಕಂಪನಿಗಳು ತಮ್ಮ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಕೊಟ್ಟಿರುತ್ತವೆ. ವಿಂಡೋಸ್ ತೆರೆಯುವುದಕ್ಕೆ ಮೊದಲೇ ಅದು ಕೆಲಸ ಮಾಡುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೂ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಜನರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ. ಗೊತ್ತಿದ್ದವರೂ ಬೇಕಾದ ಕೀ ಒತ್ತಿದಾಗ ಅದು ಶುರುವಾಗದಿದ್ದರೆ ತಕ್ಷಣ ‘ಬೋರ್ಡ್ ಹೋಯಿತು’ ಎಂದು ತೀರ್ಮಾನಿಸುತ್ತಾರೆ.

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನಾಗಿ ನನ್ನ ಮೇಜಿನ ಮೇಲೆ ಇಂಥ ಯಂತ್ರಗಳು ಬಂದು ಕೂರುತ್ತಲೇ ಇರುತ್ತವೆ. ನಾನು ಕಂಡುಕೊಂಡದ್ದು ಇಷ್ಟೆ: ತಪಾಸಣೆ ಶುರುವಾಗಲಿಲ್ಲ ಎಂಬುದು ಕಾಯಿಲೆಯ ಹೆಸರಲ್ಲ, ಅದು ಒಂದು ಸುಳಿವು. ಎಲ್ಲಿಯವರೆಗೆ ಹೋಗಿ ನಿಂತಿತು ಎಂದು ನೋಡಿದರೆ ಮುಂದಿನ ದಾರಿ ಕಾಣುತ್ತದೆ.

ತಪಾಸಣೆ ಎಲ್ಲಿ ವಾಸಿಸುತ್ತದೆ?

ಪವರ್ ಬಟನ್ ಒತ್ತಿದ ಕೂಡಲೇ ನಡೆಯುವ ಮೊದಲ ಪರೀಕ್ಷೆಯ ಹೆಸರು ಪವರ್ ಆನ್ ಸೆಲ್ಫ್ ಟೆಸ್ಟ್. ಚಿಕ್ಕದಾಗಿ ಪೋಸ್ಟ್ ಎನ್ನುತ್ತಾರೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಇದು ಇತ್ತು. ಎಲ್ಲ ಸರಿಯಿದ್ದರೆ ಅದು ಒಂದು ಸಣ್ಣ ಬೀಪ್ ಹೊಡೆಯುತ್ತಿತ್ತು. ಪೋಸ್ಟ್‌ನ ಮೊದಲ ಹಂತಗಳು ದಾಟಿದ ಮೇಲೆಯೇ ಕಂಪನಿಯ ಲೋಗೋ ಪರದೆಯ ಮೇಲೆ ಬರುವುದು. ನಾವು ಕೀ ಒತ್ತಿ ಕರೆಯುವ ದೊಡ್ಡ ತಪಾಸಣೆ ಅದರ ನಂತರದ ಮಾತು.

ಈ ದೊಡ್ಡ ತಪಾಸಣೆ ಎಲ್ಲ ಯಂತ್ರಗಳಲ್ಲೂ ಒಂದೇ ಕಡೆ ಇರುವುದಿಲ್ಲ. ಡೆಲ್‌ನ ಈಚಿನ ಯಂತ್ರಗಳಲ್ಲಿ ಅದು ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ಎಫ್12 ಒತ್ತಿದರೆ ಬರುವ ಪಟ್ಟಿಯಲ್ಲಿ ಡಯಾಗ್ನೋಸ್ಟಿಕ್ಸ್ ಎಂದು ಕಾಣುತ್ತದೆ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್2 ಒತ್ತಬೇಕು. ಅದರ ಅನೇಕ ಮಾದರಿಗಳಲ್ಲಿ ತಪಾಸಣೆ ಇರುವುದು ಹಾರ್ಡ್ ಡಿಸ್ಕಿನ ಒಂದು ಸಣ್ಣ ಪಾರ್ಟಿಷನ್‌ನಲ್ಲಿ. ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಎಫ್10. ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ಆನ್ ಮಾಡುವಾಗ ಡಿ ಕೀ ಹಿಡಿದಿರಬೇಕು. ಇನ್ನು ಅಂಗಡಿಯಲ್ಲಿ ಬಿಡಿಭಾಗ ಸೇರಿಸಿ ಕೊಟ್ಟ ಅಸೆಂಬಲ್ಡ್ ಪಿಸಿಗಳಲ್ಲಿ ಸಾಮಾನ್ಯವಾಗಿ ಪೋಸ್ಟ್ ಬಿಟ್ಟರೆ ಬೇರೆ ತಪಾಸಣೆ ಇರುವುದೇ ಇಲ್ಲ. ಇಲ್ಲದ್ದನ್ನು ಹುಡುಕುತ್ತ ಕೂತರೆ ಸಿಗುವುದೆಲ್ಲಿಂದ?

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಲೋಗೋ ಬರುತ್ತದೆಯೇ, ಇಲ್ಲವೇ?

ಲೋಗೋ ಬರುತ್ತದೆ, ಕೀ ಒತ್ತಿದರೆ ಕೇಳುವುದಿಲ್ಲ

ಲೋಗೋ ಬಂದರೆ ಅರ್ಧ ಭಯ ಬಿಡಬಹುದು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಕನಿಷ್ಠ ಮೊದಲ ಪರೀಕ್ಷೆಯನ್ನು ದಾಟಿವೆ ಎಂದರ್ಥ. ಈಗ ನೋಡಬೇಕಾದದ್ದು ನಿಮ್ಮ ಬೆರಳಿನ ಸೂಚನೆ ಯಂತ್ರಕ್ಕೆ ತಲುಪುತ್ತಿದೆಯೇ ಎಂಬುದು.

ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ಇದು ಆನ್ ಆಗಿದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಂದಿನ ಸಲ ಬೇಗ ಏಳಲೆಂದು ಸ್ವಲ್ಪ ಭಾಗವನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. ಆದ್ದರಿಂದ ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಕೊಡಿ. ಆಗ ಪೂರ್ತಿ ಆಫ್ ಆಗುತ್ತದೆ. ಪುನಃ ಆನ್ ಮಾಡಿದ ಕ್ಷಣದಿಂದಲೇ ಬೇಕಾದ ಕೀಯನ್ನು ಮತ್ತೆ ಮತ್ತೆ ತಟ್ಟುತ್ತಿರಿ. ಲೋಗೋ ಬರಲಿ, ಆಮೇಲೆ ಒತ್ತೋಣ ಎಂದು ಕಾದರೆ ಹೊತ್ತು ಮೀರಿರುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್2 ಕೀಗೆ ಬೆಳಕು ಅಥವಾ ಧ್ವನಿ ಹೆಚ್ಚುಕಡಿಮೆ ಮಾಡುವ ಕೆಲಸವೂ ಇರುತ್ತದೆ; ಅಲ್ಲಿ ಎಫ್‌ಎನ್ ಕೀ ಜೊತೆ ಸೇರಿಸಿ ಒತ್ತಿ ನೋಡಿ. ಡೆಸ್ಕ್‌ಟಾಪ್ ಆದರೆ ವೈರ್‌ಲೆಸ್ ಕೀಬೋರ್ಡ್ ತೆಗೆದು ವೈರ್ ಇರುವುದನ್ನು ಹಾಕಿ. ಅದನ್ನೂ ಕ್ಯಾಬಿನೆಟ್ಟಿನ ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಹಾಕಿ, ಹಬ್ಬಿಗೆ ಬೇಡ. ನಮ್ಮ ಲ್ಯಾಬಿನಲ್ಲೇ ‘ತಪಾಸಣೆಗೆ ಹೋಗುತ್ತಿಲ್ಲ’ ಎಂದು ಬದಿಗಿಟ್ಟಿದ್ದ ಒಂದು ಪಿಸಿ ಬರೀ ಕೀಬೋರ್ಡ್ ಬದಲಿಸಿದ್ದಕ್ಕೆ ದಾರಿಗೆ ಬಂತು.

ಕೀ ಕೇಳುತ್ತದೆ, ತಪಾಸಣೆ ಮಾತ್ರ ಇಲ್ಲ

ಕುರುಗೋಡಿನಿಂದ ಬರುವ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಬಹಳ ನಿಧಾನವಾಗಿತ್ತು. ಯಾರೋ ಪರಿಚಯದವರು ಎಲ್ಲ ಪಾರ್ಟಿಷನ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದರು. ಎರಡು ವಾರಕ್ಕೆ ಮತ್ತೆ ಅದೇ ನಿಧಾನ. ತಪಾಸಣೆಯ ಕೀ ಒತ್ತಿದರೆ ಪ್ರೋಗ್ರಾಮ್ ಸಿಗಲಿಲ್ಲ ಎಂಬ ಸಂದೇಶ ಬರುತ್ತಿತ್ತು. ಕಾರಣ ಸರಳ: ವಿಂಡೋಸ್ ಹಾಕುವಾಗ ಅಳಿಸಿದ ಪಾರ್ಟಿಷನ್‌ಗಳ ಜೊತೆ ತಪಾಸಣೆಯೂ ಹೋಗಿತ್ತು.

ಇದಕ್ಕೆ ಪರಿಹಾರ ಒಂದು ಪೆನ್‌ಡ್ರೈವ್. ಆಯಾ ಕಂಪನಿಯ ಅಧಿಕೃತ ವೆಬ್‌ಸೈಟಿನಿಂದಲೇ ನಿಮ್ಮ ಮಾದರಿಯ ತಪಾಸಣಾ ಪ್ರೋಗ್ರಾಮ್ ಇಳಿಸಿಕೊಂಡು, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಬೇಕು. ಅಸೆಂಬಲ್ಡ್ ಪಿಸಿ ಇರುವವರು ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಬಳಸಬಹುದು. ವಿಂಡೋಸ್ ತೆರೆಯುತ್ತಿದ್ದರೆ ಅದರೊಳಗಿನ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಕೂಡ ಇದೆ.

ಅವನ ಫೈಲುಗಳನ್ನೆಲ್ಲ ಮೊದಲು ಬೇರೆಡೆ ಕಾಪಿ ಮಾಡಿಕೊಂಡೆವು. ಆಮೇಲೆ ಪೆನ್‌ಡ್ರೈವಿನಿಂದ ತಪಾಸಣೆ ನಡೆಸಿದೆವು. ಹಾರ್ಡ್ ಡಿಸ್ಕ್ ಪರೀಕ್ಷೆಯಲ್ಲಿ ಫೇಲಾಯಿತು. ನಿಧಾನಕ್ಕೆ ಕಾರಣ ವಿಂಡೋಸ್ ಅಲ್ಲ, ಸಾಯುತ್ತಿದ್ದ ಡಿಸ್ಕ್. ಇನ್ನೊಂದು ಸಲ ವಿಂಡೋಸ್ ಹಾಕಿಸಿದ್ದರೆ ಅದೂ ವ್ಯರ್ಥವಾಗುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಯಾರೂ ಏನನ್ನೂ ಅಳಿಸದೆ ಇದ್ದಾಗಲೂ ಡಿಸ್ಕಿನಲ್ಲಿದ್ದ ತಪಾಸಣೆ ಇದ್ದಕ್ಕಿದ್ದಂತೆ ಕಾಣೆಯಾದರೆ, ಮೊದಲ ಅನುಮಾನ ಡಿಸ್ಕಿನ ಮೇಲೆಯೇ ಇರಲಿ.

ಲೋಗೋ ಕೂಡ ಬರುವುದಿಲ್ಲ

ಇಲ್ಲಿ ತಪಾಸಣೆಯ ಕೀಯನ್ನು ಮರೆತುಬಿಡಿ. ಯಂತ್ರ ಅಲ್ಲಿಯವರೆಗೆ ಬಂದೇ ಇಲ್ಲ. ಹೊರಗಿನಿಂದ ಒಳಗೆ, ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ಹೋಗಬೇಕು.

ಮೊದಲು ಪ್ಲಗ್, ಸ್ವಿಚ್, ಅಡಾಪ್ಟರ್. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ಹೆಚ್ಚಾಗಿ 19 ಅಥವಾ 19.5 ವೋಲ್ಟ್ ಕೊಡುತ್ತವೆ. ಪಿನ್ ಹೊಂದುತ್ತದೆ ಎಂದು ಬೇರೆ ಯಾವುದನ್ನೋ ಚುಚ್ಚಬೇಡಿ, ಮೇಲಿನ ಚೀಟಿ ಓದಿ. ಎರಡನೆಯದು, ಅಡಾಪ್ಟರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 15ರಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟು ಖಾಲಿಯಾಗುತ್ತದೆ. ನಂತರ ಅಡಾಪ್ಟರ್ ಮಾತ್ರ ಹಾಕಿ ಆನ್ ಮಾಡಿ. ಕರೆಂಟು ಏರಿಳಿದ ಮೇಲೆ ಹಿಡಿದುಕೊಂಡು ನಿಂತ ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ.

ಇನ್ನೂ ಏಳದಿದ್ದರೆ ಗಮನಿಸಿ: ಫ್ಯಾನ್ ತಿರುಗುತ್ತದೆಯೇ? ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತದೆಯೇ? ದೀಪ ಆಡುತ್ತಿದ್ದರೆ ಯಂತ್ರ ಎದ್ದಿರಬಹುದು, ಪರದೆಯದ್ದೇ ತೊಂದರೆ ಇರಬಹುದು. ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ ನೋಡಿ. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ಮಸುಕು ಚಿತ್ರ ಕಾಣುತ್ತದೆಯೇ ನೋಡಿ. ದೀಪ ತಾನಾಗಿಯೇ ಮಿಣುಕುತ್ತಿದ್ದರೆ ಅಥವಾ ಬೀಪ್ ಬರುತ್ತಿದ್ದರೆ ಎಣಿಸಿ ಬರೆದುಕೊಳ್ಳಿ. ಪರದೆ ಇಲ್ಲದಾಗ ಪೋಸ್ಟ್ ಮಾತಾಡುವುದೇ ಹೀಗೆ. ಯಾವ ಎಣಿಕೆಗೆ ಯಾವ ಅರ್ಥ ಎಂಬುದು ಕಂಪನಿಗೊಂದು ಬಗೆ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಸಿಗುತ್ತದೆ.

ಸಿರುಗುಪ್ಪದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಇಂಥದ್ದೇ ಯಂತ್ರ ತಂದಿದ್ದಳು. ತಂದೆ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವವರು. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದರು. “ಸರ್, ಬೋರ್ಡ್ ಹೋಗಿದೆಯಂತೆ, ಏಳು ಸಾವಿರ ಆಗುತ್ತಂತೆ. ಅಬ್ಬಾಗೆ ಇನ್ನೂ ಹೇಳಿಲ್ಲ” ಎಂದಳು. “ಹೇಳೋದು ಇರಲಿ, ಮೊದಲು ನೋಡೋಣಮ್ಮ” ಎಂದೆ. ಫ್ಯಾನ್ ತಿರುಗುತ್ತಿತ್ತು, ದೀಪ ಮಿಣುಕುತ್ತಿತ್ತು. ಎಣಿಸಿ ಕೈಪಿಡಿ ನೋಡಿದರೆ ಅದು ರ‍್ಯಾಮ್‌ನ ಸೂಚನೆ. ವಾರಂಟಿ ಮುಗಿದಿದ್ದರಿಂದ ಹಿಂಬದಿ ಮುಚ್ಚಳ ತೆಗೆದೆವು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಸಡಿಲವಾಗಿ, ತುದಿಯಲ್ಲಿ ಧೂಳು ಕೂತಿತ್ತು. ಒಣ ಬಟ್ಟೆಯಿಂದ ಒರೆಸಿ, ಕಟ್ ಎಂದು ಶಬ್ದ ಬರುವಂತೆ ಕೂರಿಸಿದೆವು. ಲೋಗೋ ಬಂತು. ತಪಾಸಣೆಯೂ ಶುರುವಾಯಿತು, ರ‍್ಯಾಮ್ ಪಾಸಾಯಿತು. ಏಳು ಸಾವಿರ ಮನೆಯಲ್ಲೇ ಉಳಿಯಿತು.

ಡೆಸ್ಕ್‌ಟಾಪ್ ಆನ್ ಆಗುವಾಗಲೆಲ್ಲ ತಾರೀಖು ತಪ್ಪಿ ಎಫ್1 ಒತ್ತು ಎನ್ನುತ್ತಿದ್ದರೆ ಬಹುತೇಕ ಸಿಮಾಸ್ ಬ್ಯಾಟರಿ ಮುಗಿದಿದೆ. ಅದು 3 ವೋಲ್ಟಿನ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿಯ ದುಡ್ಡಿಗೆ ಸಿಗುತ್ತದೆ.

ಶುರುವಾಗುತ್ತದೆ, ನಡುವೆ ನಿಲ್ಲುತ್ತದೆ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ತಮಾಷೆ ಮಾಡುತ್ತೇವೆ. ಕಂಪ್ಯೂಟರಿಗೆ ಇದು ತಮಾಷೆಯಲ್ಲ. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಕೋಣೆಯ ತಾಪ 35 ಡಿಗ್ರಿ ಮೀರಬಾರದೆಂದು ಇರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ, ಜೊತೆಗೆ ಧೂಳು. ತಪಾಸಣೆ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟಾಗ ಬಿಸಿ ಏರಿ ಯಂತ್ರ ತಾನೇ ಆಫ್ ಆಗಬಹುದು. ಗಾಳಿಕಿಂಡಿ ಸ್ವಚ್ಛ ಮಾಡಿ, ಹಾಸಿಗೆಯ ಮೇಲಿಡದೆ ಮೇಜಿನ ಮೇಲಿಟ್ಟು, ಬೆಳಗಿನ ತಂಪಿನಲ್ಲಿ ಇನ್ನೊಮ್ಮೆ ನಡೆಸಿ. ಆಗಲೂ ಒಂದೇ ಜಾಗದಲ್ಲಿ ನಿಂತರೆ ಆ ಜಾಗದ ಹೆಸರು ಬರೆದುಕೊಳ್ಳಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನಡೆಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಮುಟ್ಟುವ ಮೊದಲು

ಯಂತ್ರ ಸ್ವಲ್ಪವಾದರೂ ತೆರೆಯುತ್ತಿದ್ದರೆ ಮೊದಲ ಕೆಲಸ ತಪಾಸಣೆ ಅಲ್ಲ, ನಿಮ್ಮ ಫೈಲುಗಳನ್ನು ಕಾಪಿ ಮಾಡುವುದು. ಅಂಕಪಟ್ಟಿ, ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಬೇಕಾದ ದಾಖಲೆ, ಪ್ರಾಜೆಕ್ಟ್, ಮನೆಯ ಫೋಟೊ ಇವು ಅಂಗಡಿಯಲ್ಲಿ ಸಿಗುವುದಿಲ್ಲ. ಬಯಾಸ್ ಸೆಟ್ಟಿಂಗ್ ಬದಲಿಸುವ ಮೊದಲು ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ಬೀಗ ಹಾಕಬಹುದು.

ವಾರಂಟಿ ಇದ್ದರೆ ಮುಚ್ಚಳ ತೆಗೆಯಬೇಡಿ. ತೆಗೆಯುವುದಾದರೆ ಕರೆಂಟು ಕಳಚಿ, ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಉಬ್ಬಿದ ಬ್ಯಾಟರಿ ಕಂಡರೂ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ.

ಅಂಗಡಿಗೆ ಹೋಗುವಾಗ

ಎಲ್ಲ ಯಂತ್ರಗಳೂ ನಮ್ಮ ಕೈಯಲ್ಲಿ ಬದುಕುವುದಿಲ್ಲ. ಬಳ್ಳಾರಿ ನಗರದ ಒಬ್ಬ ಹುಡುಗನ ಲ್ಯಾಪ್‌ಟಾಪ್ ಮೇಲಿನ ಎಲ್ಲ ಹೆಜ್ಜೆಗಳ ನಂತರವೂ ಏಳಲಿಲ್ಲ. ಬೋರ್ಡೇ ಹೋಗಿತ್ತು. ಆದರೆ ಅಡಾಪ್ಟರ್, ಬ್ಯಾಟರಿ, ರ‍್ಯಾಮ್ ಸರಿಯಿವೆ ಎಂದು ಮೊದಲೇ ತಿಳಿದಿದ್ದರಿಂದ ಅವನ್ನು ಸುಮ್ಮನೆ ಬದಲಿಸುವ ಖರ್ಚು ತಪ್ಪಿತು. ಡಿಸ್ಕ್ ಹೊರತೆಗೆದು ಯುಎಸ್‌ಬಿ ಕೇಸಿಗೆ ಹಾಕಿ ಅವನ ನೋಟ್ಸೆಲ್ಲ ಉಳಿಸಿದೆವು.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮಾದರಿ, ಸೀರಿಯಲ್ ನಂಬರ್, ಲೋಗೋ ಬರುತ್ತದೋ ಇಲ್ಲವೋ, ಬೀಪ್ ಅಥವಾ ಮಿಣುಕು ಎಷ್ಟು, ತಪಾಸಣೆ ಕೊಟ್ಟ ದೋಷದ ಸಂಖ್ಯೆ, ನೀವು ಈಗಾಗಲೇ ಮಾಡಿ ನೋಡಿದ್ದು ಏನು. ‘ಬೋರ್ಡ್ ಹೋಗಿದೆ’ ಎಂದರೆ ‘ಯಾವ ಪರೀಕ್ಷೆಯಿಂದ ತಿಳಿಯಿತಣ್ಣ?’ ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದಲೇ ಹೇಳುತ್ತಾರೆ, ಅವರ ಕೆಲಸವೂ ಹಗುರಾಗುತ್ತದೆ. ರಶೀದಿ ತೆಗೆದುಕೊಳ್ಳಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಕೊನೆಯದಾಗಿ ಒಂದು ಮನೆಗೆಲಸ. ನಿಮ್ಮ ಕಂಪ್ಯೂಟರ್ ಸರಿಯಿರುವಾಗಲೇ, ಈ ವಾರವೇ, ಒಮ್ಮೆ ತಪಾಸಣೆಯನ್ನು ಕರೆದು ನೋಡಿ. ಯಾವ ಕೀಗೆ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿ. ಬರದಿದ್ದರೆ ಒಂದು ಪೆನ್‌ಡ್ರೈವ್ ಹಿಡಿದು ಲ್ಯಾಬಿಗೆ ಬನ್ನಿ, ಮಾಡಿಕೊಡುತ್ತೇನೆ.