ನಿಮಗಿದು ಗೊತ್ತೇ? ಪುಸ್ತಕದಿಂದ ಹೊರಬಂದ ನೈಟ್‌ಗಳು

ಕ್ಯಾಲಿಫೋರ್ನಿಯಾ ಮೊದಲು ಕಾಣಿಸಿಕೊಂಡದ್ದು ನಕ್ಷೆಯಲ್ಲಲ್ಲ, ಕಥೆಪುಸ್ತಕದಲ್ಲಿ! 1510ರ ಸುಮಾರಿಗೆ ಸ್ಪೇನಿನಲ್ಲಿ ಅಚ್ಚಾದ, ಎಸ್ಪ್ಲಾಂಡಿಯನ್ ಎಂಬ ನೈಟ್‌ನ ಸಾಹಸಗಾಥೆಯಲ್ಲಿ ಆ ಹೆಸರಿನ ದ್ವೀಪವಿದೆ. ಅಲ್ಲಿರುವವರೆಲ್ಲ ಹೆಂಗಸರು, ಆಳುವವಳು ಕಲಾಫಿಯಾ ರಾಣಿ, ಚಿನ್ನ ಬಿಟ್ಟರೆ ಬೇರೆ ಲೋಹವೇ ಇಲ್ಲ. ಮುಂದೆ ಪೆಸಿಫಿಕ್ ಕರಾವಳಿಯ ಪರ್ಯಾಯದ್ವೀಪವೊಂದನ್ನು ದ್ವೀಪವೆಂದೇ ಬಗೆದ ಸ್ಪ್ಯಾನಿಷರು ಅದಕ್ಕೆ ಇದೇ ಹೆಸರಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನವೂ ಸಿಕ್ಕಿತೆನ್ನಿ. ಆದರೆ 1848ರಲ್ಲಿ, ಸ್ಪೇನಿನ ಆಳ್ವಿಕೆ ಮುಗಿದು ಕಾಲು ಶತಮಾನ ಕಳೆದ ಮೇಲೆ.

ಇಂಥ ಕಥೆಗಳನ್ನು ಅಮೆರಿಕದ ವಸಾಹತುಗಳಿಗೆ ಒಯ್ಯಕೂಡದೆಂದು ಸ್ಪೇನಿನ ಅರಮನೆ 1531ರಲ್ಲಿ ಅಪ್ಪಣೆ ಹೊರಡಿಸಿತ್ತು. ಕೇಳಿದವರು ಯಾರು? ನೈಟ್ ಕಥೆಗಳ ಹುಚ್ಚನ್ನೇ ಗೇಲಿ ಮಾಡಿದ ‘ಡಾನ್ ಕ್ವಿಕ್ಸೋಟ್’ ಕೂಡ 1605ರಲ್ಲಿ ಅಚ್ಚಾದ ವರ್ಷವೇ ಹಡಗು ಹತ್ತಿತು.

1521ರಲ್ಲಿ ಪ್ಯಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದುಕೊಂಡ ಯೋಧನೊಬ್ಬ ಹಾಸಿಗೆಯಲ್ಲಿ ಓದಲು ನೈಟ್ ಕಥೆ ಕೇಳಿದ. ಮನೆಯಲ್ಲಿ ಒಂದೂ ಇರಲಿಲ್ಲ. ಕೈಗೆ ಬಂದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಅವನೇ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಹುಟ್ಟುಹಾಕಿದ್ದು ಆ ಸಂಘದವರೇ!

ಆರ್ಥರ್ ದೊರೆಯ ಕಥೆಗಳನ್ನು ಇಂಗ್ಲಿಷಿನಲ್ಲಿ ಒಟ್ಟುಗೂಡಿಸಿದ ಥಾಮಸ್ ಮೆಲೊರಿ ಅವನ್ನು ಬರೆದದ್ದು ಸೆರೆಮನೆಯಲ್ಲಿ. ಲೇಖಕ ಇವನೇ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಗುರುತಿಸುವ ಮೆಲೊರಿಯ ಮೇಲೆ ದರೋಡೆ, ದನಗಳ ಕಳವು, ಅತ್ಯಾಚಾರದ ಆರೋಪಗಳಿದ್ದವು. ಹೆಣ್ಣಿಗೆ ರಕ್ಷಣೆ, ದೀನರಿಗೆ ದಯೆ ಎಂದು ಆಣೆಯಿಡುವ ವೀರರನ್ನು ಚಿತ್ರಿಸಿದ್ದು ಇದೇ ಲೇಖನಿ! 1485ರಲ್ಲಿ ಪುಸ್ತಕ ಅಚ್ಚಾಗುವ ಹೊತ್ತಿಗೆ ಆತ ಬದುಕಿರಲಿಲ್ಲ.

ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಗೋಡೆಗೆ ತೂಗುಹಾಕಿರುವ ‘ಆರ್ಥರನ ದುಂಡುಮೇಜು’ 13ನೇ ಶತಮಾನದ್ದು. ಬಣ್ಣ ಬಳಿಸಿದವನು ಎಂಟನೇ ಹೆನ್ರಿ.

ಅಮೆರಿಕದ ಅಂತರ್ಯುದ್ಧಕ್ಕೆ ಬಹುಮಟ್ಟಿಗೆ ‘ಐವನ್ಹೋ’ ಬರೆದ ವಾಲ್ಟರ್ ಸ್ಕಾಟನೇ ಹೊಣೆ ಎಂದು ಮಾರ್ಕ್ ಟ್ವೇನ್ 1883ರಲ್ಲಿ ದೂರಿದ. ಗುಲಾಮಗಿರಿಯನ್ನು ಬದಿಗಿಟ್ಟು ಕಾದಂಬರಿಕಾರನನ್ನು ಹಿಡಿದದ್ದು ಅತಿಯಾಯಿತು. ಆದರೆ ಸ್ಕಾಟನ ಓದುಗರ ಹುಚ್ಚಂತೂ ಸುಳ್ಳಲ್ಲ. 1839ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರು ಉಕ್ಕಿನ ಕವಚ ತೊಟ್ಟು, ಈಟಿ ಹಿಡಿದು, ಹಳೆಯ ಕಾಲದ ಕುದುರೆ ಕಾಳಗವನ್ನೇ ಏರ್ಪಡಿಸಿದರು. ಜನ ಕಿಕ್ಕಿರಿದು ನೆರೆದರು. ಮೊದಲ ದಿನವೇ ಜಡಿಮಳೆ! ಅಂಗಳವೆಲ್ಲ ಕೆಸರು, ವೀರರ ನಡುವೆ ಕೊಡೆಗಳು. ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ಮಳೆ ಬಿಟ್ಟ ಮೇಲೆ ಕಾಳಗವನ್ನು ಮತ್ತೆ ನಡೆಸಿಯೇ ಬಿಟ್ಟರು.